ದಿನಕ್ಕೆ ಮುನ್ನೂರ ಅರವತ್ತು ಪ್ರತಿ

ಚಪ್ಪಾಳೆ ತಟ್ಟಿಸಿಕೊಳ್ಳುವುದು ಯಾರಿಗೆ ಬೇಡ ಹೇಳಿ. ಆದರೂ ಆ ಸೋಮವಾರ ಸಭೆಯ ಕೋಣೆಯಲ್ಲಿ ಮೂವತ್ತು ಜನ ತನಗಾಗಿ ಚಪ್ಪಾಳೆ ತಟ್ಟಿದಾಗ ನಮ್ಮ ಜಾಣ ಸ್ವಲ್ಪ ಹೆಚ್ಚೇ ಉಬ್ಬಿದ. ಗೋಡೆಯ ಪರದೆಯ ಮೇಲೆ ಕಚೇರಿಯ ಸರ್ವರಿನ ಹೊರೆ ತೋರಿಸುವ ಒಂದು ಗೆರೆ ಇತ್ತು. ಮೂರು ವರ್ಷದಿಂದ ಮೇಲೇರಿ ಕೂತಿದ್ದ ಆ ಗೆರೆ ಹಿಂದಿನ ವಾರ ಧೊಪ್ಪನೆ ಕೆಳಗೆ ಬಿದ್ದಿತ್ತು, ಬೀಳಿಸಿದವನು ಇವನು. ಮ್ಯಾನೇಜರು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಚಿಕ್ಕಮ್ಮನೂ ಚಪ್ಪಾಳೆ ತಟ್ಟಿದಳು.

ಚಿಕ್ಕಮ್ಮ ಎಂದರೆ ನಿಜಕ್ಕೂ ಇವನ ಚಿಕ್ಕಮ್ಮನೇ, ಅಮ್ಮನ ಒಡಹುಟ್ಟಿದ ತಂಗಿ. ಲಿಫ್ಟು ಯಾವ ಮಹಡಿಯಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂಬ ಬುದ್ಧಿಯನ್ನು ಲಿಫ್ಟುಗಳಿಗೆ ಬರೆದುಕೊಡುವ ಕಚೇರಿ ಅದು. ಅಲ್ಲಿ ಅವಳು ಹದಿನೆಂಟು ವರ್ಷದಿಂದ ಕೋಡಿನ ಸರ್ವರ್ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಕೆಲಸ ಖಾಲಿ ಇದೆ ಎಂದು ಇವನಿಗೆ ತಿಳಿಸಿದವಳೂ ಅವಳೇ. ಸೇರಿದ ದಿನ ಬಾಗಿಲಲ್ಲೇ ಇವನು ಬಾಯಿತಪ್ಪಿ ‘ಚಿಕ್ಕಮ್ಮಾ’ ಎಂದ. ಅವಳೂ ಬಾಯಿತಪ್ಪಿ, ಮನೆಯಲ್ಲಿ ಕರೆಯುವ ಹಾಗೆಯೇ, ‘ಬಾರೋ ಜಾಣ’ ಎಂದಳು. ಸಾಕಾಯಿತಲ್ಲ! ಅವತ್ತಿನಿಂದ ಕಚೇರಿಗೆ ಕಚೇರಿಯೇ ಅವಳಿಗೆ ಚಿಕ್ಕಮ್ಮ, ಇವನಿಗೆ ಜಾಣ ಎನ್ನತೊಡಗಿತು. ಮ್ಯಾನೇಜರೂ ಹಾಗೇ ಕರೆಯುತ್ತಿದ್ದರು, ಅವರು ಚಿಕ್ಕಮ್ಮನಿಗಿಂತ ಆರು ವರ್ಷ ದೊಡ್ಡವರು.

ಕೋಡಿನ ಸರ್ವರ್ ಎಂದರೆ ಕಚೇರಿಯ ನೆನಪು ಎಂದುಕೊಳ್ಳಿ. ಯಾರು ಯಾವ ದಿನ ಯಾವ ಸಾಲು ಬರೆದರು, ಯಾರು ಅಳಿಸಿದರು, ಯಾಕೆ ಅಳಿಸಿದರು, ಹದಿನೆಂಟು ವರ್ಷದ್ದೂ ಅದರಲ್ಲಿದೆ. ಯಾರಾದರೂ ಪೂರ್ತಿ ಪ್ರತಿ ಬೇಕು ಎಂದರೆ ಅದು ಅಷ್ಟನ್ನೂ ಮೊದಲಿಂದ ಕೆದಕಿ, ಹೊಂದಿಸಿ, ಗಂಟು ಕಟ್ಟಿ ಕೊಡಬೇಕು. ಮೂರು ನಿಮಿಷದ ಕೆಲಸ. ಇನ್ನೊಬ್ಬರು ಕೇಳಿದರೆ ಅದೇ ಗಂಟನ್ನು ಮತ್ತೆ ಮೊದಲಿಂದ ಕಟ್ಟಬೇಕು. ಮೂರು ವರ್ಷದಿಂದ ಆ ಸರ್ವರ್ ಏದುಸಿರು ಬಿಡುತ್ತಿತ್ತು. ತಿದ್ದಿದ ಒಂದು ಸಾಲು ಒಳಗೆ ಹೋಗಲು ಕಾಲು ಗಂಟೆ ಹಿಡಿಯುತ್ತಿತ್ತು. ಜನ ಕಾಫಿ ಲೋಟ ಹಿಡಿದುಕೊಂಡು ಚಿಕ್ಕಮ್ಮನ ಮೇಜಿನ ಹತ್ತಿರ ಬಂದು ಗೊಣಗುತ್ತಿದ್ದರು. ಅವಳು ಯಂತ್ರಕ್ಕೆ ಹೊಸ ಡಿಸ್ಕು ಹಾಕಿಸಿದಳು, ಫ್ಯಾನು ಬದಲಾಯಿಸಿದಳು, ಬೇಡದ್ದನ್ನೆಲ್ಲ ಕಿತ್ತು ಹಾಕಿದಳು. ಏನು ಮಾಡಿದರೂ ಅಷ್ಟೇ. ಪಾಪ, ಹಳೇ ಕಾಲದವರು, ಇದೆಲ್ಲ ಅವರ ಕೈಲಾಗೋದಿಲ್ಲ ಎಂದು ಬೆನ್ನ ಹಿಂದೆ ಮಾತು ಶುರುವಾಯಿತು.

ಆರು ತಿಂಗಳ ಹಿಂದೆ ಒಂದು ಸಭೆಯಲ್ಲಿ ಅವಳು ತನ್ನ ನೋಟ್‌ಬುಕ್ ತೆರೆದು ಎದ್ದು ನಿಂತಿದ್ದಳು. ಯಾವುದೋ ಒಂದು ಯಂತ್ರ ಬಿಡುವೇ ಕೊಡದೆ ಪೂರ್ತಿ ಪ್ರತಿ ಕೇಳುತ್ತಿರುವ ಹಾಗಿದೆ. ಎಲ್ಲರ ಕೋರಿಕೆಯೂ ನೆಟ್‌ವರ್ಕಿನ ಒಂದೇ ಬಾಗಿಲಿನಿಂದ ಹಾದು ಬರುವುದರಿಂದ ಸರ್ವರ್‌ಗೆ ಯಾರದು ಯಾವುದು ಎಂದು ಗೊತ್ತಾಗುವುದಿಲ್ಲ. ದಯವಿಟ್ಟು ಎಲ್ಲರೂ ತಮ್ಮತಮ್ಮ ಯಂತ್ರಗಳನ್ನು ಒಂದು ಸಲ ನೋಡಿಕೊಳ್ಳಿ ಎಂದು ಕೇಳಿಕೊಂಡಳು.

“ಚಿಕ್ಕಮ್ಮಂಗೆ ಮನೇಲಿ ಕಳ್ಳ ಸೇರ್ಕೊಂಡಿದಾನೆ ಅಂತ ಅನುಮಾನ,” ಎಂದ ಜಾಣ. “ಮಂಚದ ಕೆಳಗೂ ನೋಡ್ಬಿಡೋಣ.”

ಹೇಳಿ ತಾನೇ ಮೊದಲು ನಕ್ಕ. ಇಡೀ ಕೋಣೆ ನಕ್ಕಿತು. ಚಿಕ್ಕಮ್ಮ ನೋಟ್‌ಬುಕ್ ಮುಚ್ಚಿ ಕೂತಳು.

ಆಮೇಲೆ ಇವನೇ ಒಂದು ಉಪಾಯ ತಂದ. ಉಪಾಯ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ದಿನಾ ಬೆಳಗ್ಗೆ ಜನ ಬರುವ ಮುಂಚೆ ಒಂದೇ ಒಂದು ಸಲ ಪೂರ್ತಿ ಗಂಟು ಕಟ್ಟಿ, ಬರೀ ಫೈಲು ಕೊಡುವ ಒಂದು ಬಡಪಾಯಿ ಯಂತ್ರದಲ್ಲಿ ಇಟ್ಟುಬಿಡುವುದು. ಯಾರೇ ಪೂರ್ತಿ ಪ್ರತಿ ಕೇಳಲಿ, ಅಲ್ಲಿ ಹೋಗಿ ಆ ಫೈಲು ತಗೋ ಎಂದು ಸರ್ವರ್ ಕೈ ತೋರಿಸುತ್ತದೆ, ಬೆಳಗಿನಿಂದ ಆದ ನಾಲ್ಕು ಬದಲಾವಣೆಯನ್ನಷ್ಟೇ ತಾನು ಕೊಡುತ್ತದೆ. ಫೈಲು ಕೊಡುವ ಯಂತ್ರಕ್ಕೆ ತಲೆ ಓಡಿಸುವ ಕೆಲಸವೇ ಇಲ್ಲ, ಎತ್ತಿಕೊಟ್ಟರಾಯಿತು. ಒಂದೇ ವಾರದಲ್ಲಿ ಸರ್ವರಿನ ಹೊರೆ ಐದರಲ್ಲಿ ನಾಲ್ಕು ಪಾಲು ಇಳಿಯಿತು. ಚಪ್ಪಾಳೆ ಅದಕ್ಕೇ.

ಇವನ ಅಮ್ಮನಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕ ತಂಗಿ ದಿನಾ ಸಂಜೆ ಏಳಕ್ಕೆ ಫೋನಿನಲ್ಲಿ ಮಾತಾಡುವವರು. ಅಮ್ಮ ಫೋನನ್ನು ಮೇಜಿನ ಮೇಲಿಟ್ಟು ಮನೆಗೆಲ್ಲ ಕೇಳುವ ಹಾಗೆ ಹಾಕಿಕೊಂಡು, ಕೈಯಲ್ಲಿ ಬಟ್ಟೆ ಮಡಿಸುತ್ತಾ, ಮೊದಲ ಮಾತೇ ಅದನ್ನು ಕೇಳುವಳು: “ಹೇಗಿದೆಯೇ ನಿನ್ನ ಸರ್ವರ್ರು? ನನ್ನ ಮಗ ಸರಿ ಮಾಡಿದ್ಮೇಲೆ ತೊಂದರೆ ಇಲ್ಲ ತಾನೆ?”

“ಇಲ್ಲ ಅಕ್ಕ, ಚೆನ್ನಾಗಿದೆ,” ಎನ್ನುವಳು ಚಿಕ್ಕಮ್ಮ, ಪ್ರತಿ ದಿನವೂ. ಇವನು ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡು ಖುಷಿಪಡುತ್ತಿದ್ದ.

ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದವನಿಗೆ ಇನ್ನೊಂದು ಚಪಲ ಹತ್ತಿತು. ಫೈಲು ಕೊಡುವ ಯಂತ್ರ ಆ ಬಾಗಿಲಿನಿಂದ ಈಚೆ, ಎಲ್ಲರ ಯಂತ್ರಗಳ ಕಡೆಯೇ ಇತ್ತು. ಹಾಗಾಗಿ ಅದಕ್ಕೆ ಪ್ರತಿಯೊಂದು ಯಂತ್ರದ ಹೆಸರೂ ಕಾಣುತ್ತಿತ್ತು. ಯಾರ್ಯಾರಿಗೆ ಎಷ್ಟೆಷ್ಟು ಉಪಕಾರವಾಗಿದೆ ಎಂದು ಪಟ್ಟಿ ಮಾಡಿ ಸೋಮವಾರ ತೋರಿಸೋಣ ಎಂದು ಅದರ ದಾಖಲೆ ತೆರೆದ. ಹಿಂದಿನ ದಿನ ಒಟ್ಟು ನಾನ್ನೂರ ಹನ್ನೆರಡು ಪ್ರತಿ ಹೋಗಿದ್ದವು. ಕಚೇರಿಯ ಎಲ್ಲರದೂ ಸೇರಿ ಐವತ್ತೆರಡು. ಉಳಿದ ಮುನ್ನೂರ ಅರವತ್ತನ್ನು ಒಂದೇ ಯಂತ್ರ ಒಯ್ದಿತ್ತು. ಅದರ ಹೆಸರು ‘ಗೊರಕೆ’.

ಕಚೇರಿಯಲ್ಲಿ ಯಂತ್ರಕ್ಕೆ ಗೊರಕೆ ಎಂದು ಹೆಸರಿಟ್ಟವನು ಇವನೊಬ್ಬನೇ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಇವನು ಬರೆದ ಒಂದು ತಪ್ಪು ಸಾಲಿನಿಂದ ನೆಲಮಹಡಿಯ ಪರೀಕ್ಷೆಯ ಲಿಫ್ಟು ಬಾಗಿಲನ್ನು ನಲವತ್ತು ಸಲ ತೆರೆದು ಮುಚ್ಚಿತ್ತು. ಮ್ಯಾನೇಜರು ಎಲ್ಲರೆದುರು ನೀರಿಳಿಸಿದ್ದರು. ಇನ್ನು ಹಾಗಾಗಬಾರದು ಎಂದು ಇವನು ಚಿಕ್ಕಮ್ಮನಿಂದ ಒಂದು ಹಳೆಯ ಯಂತ್ರ ಕೇಳಿ ತಂದ. ಅವಳೇ ಅದರ ಧೂಳು ಒರೆಸಿ ಕೊಟ್ಟಿದ್ದಳು. ಅದರ ಫ್ಯಾನು ಗೊರಗೊರ ಎನ್ನುತ್ತಿತ್ತು, ಹೆಸರು ಬಂದದ್ದು ಹಾಗೆ. ಪೂರ್ತಿ ಪ್ರತಿ ತರುವುದು, ಇವನ ಸಾಲುಗಳಿಂದ ಏನಾದರೂ ಕೆಟ್ಟಿದೆಯೇ ಎಂದು ನೋಡುವುದು, ಇವನಿಗೆ ಒಂದು ಮೇಲ್ ಕಳಿಸುವುದು, ನಾಲ್ಕು ನಿಮಿಷಕ್ಕೊಮ್ಮೆ ಇಷ್ಟೇ ಅದರ ಕೆಲಸ. ಪೂರ್ತಿ ಪ್ರತಿ ಪದೇ ಪದೇ ಕೇಳಬೇಡ ಕಣೋ, ಒಂದು ಸಲ ತಗೊಂಡು ಆಮೇಲೆ ಬದಲಾದದ್ದಷ್ಟೇ ತಗೋ ಎಂದು ಚಿಕ್ಕಮ್ಮ ಅವತ್ತೇ ಹೇಳಿದ್ದಳು. ಹೂಂ ಎಂದಿದ್ದ. ಸದ್ಯಕ್ಕೆ ನಡೆಯಲಿ, ನಾಳೆ ತಿದ್ದೋಣ ಎಂದುಕೊಂಡಿದ್ದ. ಆ ನಾಳೆ ಬರುವ ಮುಂಚೆ ಇವನಿಗೆ ಬೇರೆ ಮಹಡಿ, ಬೇರೆ ಕೆಲಸ ಬಂತು. ಗೊರಕೆ ಎರಡನೇ ಮಹಡಿಯ ಪ್ರಿಂಟರ್ ಕೋಣೆಯಲ್ಲಿ ಕಾಗದದ ಕಪಾಟಿನ ಹಿಂದೆ ಉಳಿಯಿತು.

ಮೂರು ನಿಮಿಷ ಗಂಟು ಕಟ್ಟುವುದು, ಒಂದು ನಿಮಿಷ ಉಸಿರು, ಮತ್ತೆ ಗಂಟು. ಸರ್ವರ್‌ಗೆ ಮೂರು ವರ್ಷ ಹಾಗೇ ಕಳೆದಿತ್ತು. ಇವನು ಎಂದೂ ತೆರೆಯದ ಒಂದು ಮೇಲ್ ಫೋಲ್ಡರಿನಲ್ಲಿ ನಾಲ್ಕು ಲಕ್ಷದ ಹತ್ತಿರ ಮೇಲುಗಳು ಬಿದ್ದಿದ್ದವು. ಇವನೇ ಬರೆದಿಟ್ಟ ಒಂದೇ ಸಾಲು ಎಲ್ಲದರಲ್ಲೂ: ನಿನ್ನಿಂದ ಏನೂ ಕೆಟ್ಟಿಲ್ಲ.

ಮಂಚದ ಕೆಳಗೆ ನೋಡೋಣ ಎಂದು ತಾನೇ ಹೇಳಿದ ಮಾತು ನೆನಪಾಯಿತು. ಆಗಲಾದರೂ ನೆಟ್ಟಗೆ ಚಿಕ್ಕಮ್ಮನ ಹತ್ತಿರ ಹೋಗಬೇಕಿತ್ತು ತಾನೆ? ಹೋಗಲಿಲ್ಲ ಪುಣ್ಯಾತ್ಮ. ಮೆಟ್ಟಿಲಿಳಿದು ಪ್ರಿಂಟರ್ ಕೋಣೆಗೆ ಹೋದ, ಆಚೀಚೆ ನೋಡಿದ, ಕಪಾಟಿನ ಹಿಂದೆ ಕೈ ತೂರಿಸಿ ಪ್ಲಗ್ ಕಿತ್ತ. ಗೊರಕೆ ನಿಂತಿತು. ಅಂಗಿಯ ತೋಳಿಗೆ ಧೂಳು ಮೆತ್ತಿಕೊಂಡಿತ್ತು, ಅದನ್ನು ಬಚ್ಚಲಿನಲ್ಲಿ ತೊಳೆದುಕೊಂಡು ಬಂದ.

ಗೆರೆ ಇನ್ನೊಮ್ಮೆ ಬಿತ್ತು. ಈ ಸಲ ಬಿದ್ದದ್ದು ಹೆಚ್ಚುಕಡಿಮೆ ನೆಲಕ್ಕೇ. ಶುಕ್ರವಾರ ಅದನ್ನು ನೋಡಿದ ಮ್ಯಾನೇಜರಿಗೆ ಒಂದು ಯೋಚನೆ ಬಂತು. ಹೊರೆಯೇ ಇಲ್ಲದ ಸರ್ವರ್‌ಗೆ ದಿನವಿಡೀ ಒಬ್ಬರು ಯಾಕೆ ಬೇಕು, ಹೊರಗಿನ ಕಂಪನಿಯವರು ದೂರದಿಂದಲೇ ನೋಡಿಕೊಂಡರಾಯಿತು ಎಂದುಕೊಂಡರು. ಚಿಕ್ಕಮ್ಮ ಸೋಮವಾರದಿಂದ ಉಗ್ರಾಣಕ್ಕೆ ಹೋಗಬೇಕು, ಕುರ್ಚಿ ಮೇಜುಗಳಿಗೆ ನಂಬರಿನ ಚೀಟಿ ಅಂಟಿಸಬೇಕು. ಸುದ್ದಿಯನ್ನು ಅವರು ಜಾಣನಿಗೇ ಮೊದಲು ಹೇಳಿದರು, ನಿನ್ನ ಕೆಲಸದಿಂದಲೇ ಇದು ಸಾಧ್ಯವಾಯಿತು ಎಂದು ಬೆನ್ನು ತಟ್ಟಿದರು. ಇವನು ಹೌದಾ ಸರ್ ಎಂದನಷ್ಟೇ.

ಶನಿವಾರ, ಭಾನುವಾರ ಅವನು ಪಟ್ಟ ಪಾಡು ಬೇಡ. ತಾನು ಪ್ಲಗ್ ಕಿತ್ತದ್ದರಿಂದಲೇ ಅವಳ ಹದಿನೆಂಟು ವರ್ಷದ ಕೆಲಸ ಹೋದದ್ದು ಗೊತ್ತಿತ್ತು. ಹೇಳಿದರೆ ಮರ್ಯಾದೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ನಾಚಿಕೆಯಾಗಬೇಕು, ಎರಡು ದಿನ ಅವನು ಹೆಚ್ಚು ಹೆದರಿದ್ದು ಮರ್ಯಾದೆಗೇ. ಸಂಜೆ ಏಳಕ್ಕೆ ಅಮ್ಮ ಅದೇ ಪ್ರಶ್ನೆ ಕೇಳಿದಳು, ಚಿಕ್ಕಮ್ಮ ಅದೇ ಉತ್ತರ ಕೊಟ್ಟಳು. ಉಗ್ರಾಣದ ಮಾತನ್ನು ಅವಳು ಅಕ್ಕನಿಗೆ ಹೇಳಿರಲೇ ಇಲ್ಲ.

ಸೋಮವಾರ ಚಿಕ್ಕಮ್ಮ ಸಭೆಗೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದಳು. ಅದರಲ್ಲಿ ಅವಳ ಕುರ್ಚಿಯ ದಿಂಬು, ಸಣ್ಣ ಸ್ಕ್ರೂಡ್ರೈವರು, ಹನ್ನೊಂದು ನೋಟ್‌ಬುಕ್ಕು. ಸಭೆ ಮುಗಿದ ಮೇಲೆ ನೇರವಾಗಿ ಕೆಳಗಿನ ಉಗ್ರಾಣಕ್ಕೆ ಹೋಗುವುದು ಎಂದು ತಯಾರಾಗಿದ್ದಳು. ಮ್ಯಾನೇಜರು ಪರದೆಯ ಗೆರೆ ತೋರಿಸಿ ಮಾತು ಶುರು ಮಾಡಿದರು. ಜಾಣ ಎದ್ದು ನಿಂತ.

“ಸರ್, ಅದು ನಂದು,” ಎಂದ.

ಏನು ನಿಂದು ಎಂದು ಅವರು ಕೇಳಿದರು. ಹೇಳಿದ. ಗೊರಕೆ, ನಾಲ್ಕು ನಿಮಿಷ, ಮುನ್ನೂರ ಅರವತ್ತು ಪ್ರತಿ, ಮೂರು ವರ್ಷ, ಎಲ್ಲ ಹೇಳಿದ. ಚಿಕ್ಕಮ್ಮ ಹೇಳಿದ ಹಾಗೆಯೇ ಇತ್ತು, ಆ ಒಂದು ಯಂತ್ರ ನನ್ನದೇ ಆಗಿತ್ತು ಎಂದ. ಉಪಾಯ ಬೇಕಾಗಿದ್ದೇ ತನ್ನಿಂದ ಎಂದ. ಯಾರಾದರೂ ನಕ್ಕುಬಿಟ್ಟರೆ ಸಾಕು ಎನಿಸಿತು ಅವನಿಗೆ, ಆದರೆ ಯಾರೂ ನಗಲಿಲ್ಲ. ಮ್ಯಾನೇಜರು ಗೆರೆಯನ್ನೇ ನೋಡುತ್ತಿದ್ದರು.

“ಎರಡನೇ ಸಲ ಬಿದ್ದಿದ್ದು?”

“ಪ್ಲಗ್ ಕಿತ್ತೆ ಸರ್.”

“ಯಾವತ್ತು?”

“ಗುರುವಾರ.”

“ಇವತ್ತು ಸೋಮವಾರ,” ಎಂದರು ಮ್ಯಾನೇಜರು.

ಭೂಮಿ ಬಾಯಿಬಿಡಬಾರದೇ ಎನಿಸಿತು. ಅವರು ಹೆಚ್ಚು ಮಾತು ಬೆಳೆಸುವವರಲ್ಲ. ಸರ್ವರ್ ಚಿಕ್ಕಮ್ಮನ ಹತ್ತಿರವೇ ಇರಲಿ, ಹೊರಗಿನವರು ಬೇಡ, ಆರು ತಿಂಗಳ ಹಿಂದೆ ಅವರ ಮಾತು ಕೇಳದೇ ಇದ್ದದ್ದು ನಮ್ಮೆಲ್ಲರ ತಪ್ಪು ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸಭೆ ಮುಗಿದ ಮೇಲೆ ಪೆಟ್ಟಿಗೆ ಎತ್ತಲು ಇವನು ಕೈ ಹಾಕಿದ. ಅವಳು ಕೊಡಲಿಲ್ಲ, ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಇವನು ಬಾಲದ ಹಾಗೆ ಹಿಂದೆ ಹೋದ. ಸರ್ವರ್ ಕೋಣೆಯ ಪಕ್ಕದ ತನ್ನ ಮೇಜಿನ ಮೇಲೆ ಅವಳು ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಮೊದಲಿದ್ದ ಜಾಗದಲ್ಲೇ ಇಟ್ಟಳು. ದಿಂಬನ್ನು ಕುರ್ಚಿಗೆ ಒತ್ತಿದಳು. ತಪ್ಪಾಯ್ತು ಚಿಕ್ಕಮ್ಮ ಎಂದ ಇವನು. ಮರೆತೇಹೋಗಿತ್ತು ಎಂದ.

“ಮಷೀನ್ ಮರ್ತೆ, ಇರ್ಲಿ,” ಎಂದಳು. “ನಾನೂ ಈ ಹದಿನೆಂಟು ವರ್ಷದಲ್ಲಿ ಏನೇನೋ ಮರ್ತಿದೀನಿ. ಆದ್ರೆ ಅವತ್ತು ನಾನು ನಿಂತ್ಕೊಂಡು ಕೇಳ್ದಾಗ ಮೊದಲು ನಕ್ಕಿದ್ದು ನೀನು. ಬೇರೆ ಯಾರಾದ್ರೂ ನಕ್ಕಿದ್ರೆ, ಸಂಜೆ ಮನೆಗೆ ಬಂದು ನಿನ್ ಹತ್ರ ಹೇಳ್ಕೋತಿದ್ದೆ.”

ನೆಲದ ಮೇಲೆ ಒಂದು ತಂತಿಯ ತುಂಡು ಬಿದ್ದಿತ್ತು, ಇವನು ಬಗ್ಗಿ ಅದನ್ನು ಎತ್ತಿಕೊಂಡ.

“ನಿಮ್ಮಮ್ಮಂಗೆ ನಾನು ಹೇಳಲ್ಲ,” ಎಂದಳು ಅವಳು. “ಅದನ್ನ ನೀನೇ ಹೇಳು.” ಆಮೇಲೆ ಪರದೆಯ ಕಡೆ ತಿರುಗಿ ಆ ದಿನದ ಗಂಟು ಸರಿಯಾಗಿ ಕಟ್ಟಿದೆಯೇ ಎಂದು ನೋಡತೊಡಗಿದಳು.

ಮನೆಗೆ ಬಂದವನು ಅಂಗಿ ಕೂಡ ಬದಲಾಯಿಸಲಿಲ್ಲ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಳು. ಎದುರು ಕೂತು ಎಲ್ಲ ಹೇಳಿದ. ನಕ್ಕದ್ದನ್ನೂ ಹೇಳಿದ, ಗುರುವಾರದಿಂದ ಸೋಮವಾರದವರೆಗೆ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದ. ಅಮ್ಮನ ಕೈ ನಿಂತುಹೋಯಿತು. ಬೈದರೆ ಹಗುರಾಗಬಹುದಿತ್ತು, ಅವಳು ಬೈಯಲಿಲ್ಲ. “ಅಯ್ಯೋ, ದಿನಾ ಕೇಳ್ತಿದ್ನಲ್ಲೋ ಅವಳನ್ನ,” ಎಂದಳು, ತನಗೇ ಹೇಳಿಕೊಳ್ಳುವ ಹಾಗೆ.

ಏಳು ಗಂಟೆಯಾಯಿತು. ಅಮ್ಮ ರೂಢಿಯಂತೆ ಫೋನು ಮಾಡಿ ಮೇಜಿನ ಮೇಲಿಟ್ಟಳು. ಹೇಳಕ್ಕ ಎಂದಿತು ಆ ಕಡೆಯ ದನಿ. ಅಮ್ಮ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಅಕ್ಕ, ಇದೀಯಾ ಎಂದು ಚಿಕ್ಕಮ್ಮ ಎರಡು ಸಲ ಕೇಳಿದಳು. ಅಮ್ಮ ಫೋನನ್ನು ಮಗನ ಮುಂದಕ್ಕೆ ತಳ್ಳಿ, ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

“ಚಿಕ್ಕಮ್ಮ, ನಾನು,” ಎಂದ ಇವನು. “ಅಮ್ಮಂಗೆ ಹೇಳ್ದೆ.”

ಎಂದಿನಂತೆ ‘ಏನೋ ಜಾಣ’ ಎನ್ನುತ್ತಾಳೆ ಎಂದು ಇವನು ಕಿವಿಗೊಟ್ಟು ಕಾದ.

“ಸರಿಯಪ್ಪಾ,” ಎಂದಳು ಚಿಕ್ಕಮ್ಮ, ಹೊರಗಿನವರೊಡನೆ ಮಾತಾಡುವ ಹಾಗೆ.