ಇಳಿಸಿದ ಶ್ರುತಿ

ಆ ಹೋಟೆಲಿನಲ್ಲಿ ಹಾಡುವವನಿಗೆ ಅಡುಗೆಮನೆಯವರು ಇಟ್ಟ ಹೆಸರು ಪಡಿಯಚ್ಚು. ಅದರಿಂದ ಅವನಿಗೆ ಬೇಸರವೇನೂ ಇರಲಿಲ್ಲ. ಅವನ ತಾಯಿಯ ಕಾಲದಲ್ಲಿ ಮನೆಮನೆಯ ರೇಡಿಯೋದಲ್ಲಿ ಕೇಳುತ್ತಿದ್ದ ಒಂದು ಪ್ರೇಮಗೀತೆಯನ್ನು, ಮೂಲ ಗಾಯಕ ಎಲ್ಲಿ ಉಸಿರೆಳೆದನೋ ಅಲ್ಲೇ ಉಸಿರೆಳೆದು, ಎಲ್ಲಿ ದನಿ ನಡುಗಿಸಿದನೋ ಅಲ್ಲೇ ನಡುಗಿಸಿ ಹಾಡುತ್ತಿದ್ದ. ಕೇಳಿದವರು "ಥೇಟ್ ಅವರೇ" ಎನ್ನುತ್ತಿದ್ದರು. ಆ ಮಾತೇ ಅವನ ಅನ್ನ. ಮಾಲೀಕ ಅವನನ್ನು ಇಟ್ಟುಕೊಂಡದ್ದೂ ಅದಕ್ಕೇ.

ಈಚೆಗೆ ಚರಣದ ಕೊನೆಯ ಮೇಲಿನ ಸ್ವರ ಅವನ ಗಂಟಲಿಗೆ ಎಟುಕುತ್ತಿರಲಿಲ್ಲ. ವಯಸ್ಸು, ಅಷ್ಟೇ. ಹಿಂದಿನ ಭಾನುವಾರ ಆ ಜಾಗ ಬಂದಾಗ ಕೆಮ್ಮಿದಂತೆ ಮಾಡಿ ದಾಟಿಸಿದ್ದ. ಮಾಲೀಕ ಗಲ್ಲಾದಿಂದ ತಲೆಯೆತ್ತಿ ನೋಡಿ, ಆಮೇಲೆ ಕರೆದು ಹೇಳಿದ್ದ:

"ಇನ್ನೊಂದು ಸಲ ಹೀಗಾದ್ರೆ ರೆಕಾರ್ಡೇ ಹಾಕ್ತೀನಪ್ಪ. ಅದಕ್ಕೆ ಕೆಮ್ಮು ಬರಲ್ಲ."

ಕೀಬೋರ್ಡ್ ನುಡಿಸುವವಳು ಅವನ ಹೆಂಡತಿ. ಈ ಭಾನುವಾರ ಮಧ್ಯಾಹ್ನ, ಊಟದ ಹಾಲ್‌ನ ಮೂಲೆಯಲ್ಲಿ ವೈರು ಸಿಕ್ಕಿಸುತ್ತಾ ಕೇಳಿದಳು:

"ರೀ, ಶ್ರುತಿ ಇಳಿಸ್ಲಾ?"

"ಬೇಡ."

"ಗಂಟಲು ಹರ್ಕೋತೀರಾ?"

"ಇಳಿಸಿದ್ರೆ ಅದು ಅವರ ಹಾಡಾಗಲ್ಲ ಕಣೇ."

"ಅವರೇನು ಇಲ್ಲಿಗೆ ಬಂದು ಕೇಳ್ತಾರಾ?"

"ಅವರು ಬರಲ್ಲ. ಮಾಲೀಕ ಕೂತಿದಾನಲ್ಲ."

ಅವಳು ಸುಮ್ಮನಾದಳು. ಸುಮ್ಮನಾದಳೆಂದರೆ ಒಪ್ಪಿದಳೆಂದಲ್ಲ, ಇಷ್ಟು ವರ್ಷ ಸಂಸಾರ ಮಾಡಿಯೂ ಅವನು ಅದನ್ನು ಮರೆಯುತ್ತಿದ್ದ.

ಮೇಜುಗಳು ತುಂಬಿದ್ದವು. ಅವಳು ಶುರು ಮಾಡಿದಳು. ಎರಡೇ ಸ್ವರಕ್ಕೆ ಅವನಿಗೆ ಗೊತ್ತಾಯಿತು, ಶ್ರುತಿ ಕೆಳಗಿದೆ. ಸಾಲದ್ದಕ್ಕೆ ನಡೆಯೂ ನಿಧಾನ. ತಿರುಗಿ ನೋಡಿದ. ಏನೂ ಅರಿಯದವಳಂತೆ ಬೆರಳು ನೋಡಿಕೊಂಡು ನುಡಿಸುತ್ತಿದ್ದಳು. ಜನರೆದುರು ಜಗಳವಾಡುವಂತಿಲ್ಲ. ನುಂಗಿಕೊಂಡು ಪಲ್ಲವಿ ಎತ್ತಿದ.

ಬಾಯಿಪಾಠ ಮಾಡಿದ್ದ ಉಸಿರಿನ ಜಾಗಗಳು ಒಂದೂ ಹೊಂದಲಿಲ್ಲ. ಸಾಲು ಮುಗಿಯುವ ಮುಂಚೆಯೇ ಉಸಿರು ಮುಗಿಯುತ್ತಿತ್ತು, ಬೇಕಾದಲ್ಲಿ ಎಳೆದುಕೊಂಡ. ಆ ಹಾಡಿನಲ್ಲೊಬ್ಬ ಬಾಗಿಲು ತೆರೆದಿಟ್ಟು ಕಾಯುತ್ತಾನೆ. ಇಷ್ಟು ದಿನ ಬಾಗಿಲೆಂಬ ಮಾತಿನ ಮೇಲೆ ದನಿ ಏರಿಸುವುದಷ್ಟೇ ಅವನ ಚಿಂತೆಯಾಗಿತ್ತು. ಕಾಯುವವನ ಕಡೆ ಗಮನವೇ ಹೋಗಿರಲಿಲ್ಲ.

ಚರಣದ ಕೊನೆ ಬಂತು. ಸ್ವರ ಸಿಕ್ಕಿತು. ಅದರ ಜೊತೆಗೇ ಇನ್ನೊಂದು ದನಿ ಕೇಳಿಸಿತು. ಕಿಟಕಿಯ ಪಕ್ಕದ ದಪ್ಪನೆಯ ಗೃಹಸ್ಥರು ಚಮಚ ಹಿಡಿದುಕೊಂಡೇ ಹಾಡುತ್ತಿದ್ದರು. ಆಮೇಲೆ ಅವರ ಹೆಂಡತಿ, ಆಚೆ ಮೇಜಿನ ಮುದುಕಿ, ನೀರಿನ ಜಗ್ ಹಿಡಿದ ಮಾಣಿ. ಮೂಲ ಗಾಯಕನ ಎತ್ತರಕ್ಕೆ ಸಾಮಾನ್ಯರ ಗಂಟಲು ಏರುತ್ತಿರಲಿಲ್ಲ. ಅದಕ್ಕೇ ಇಷ್ಟು ವರ್ಷ ಎಲ್ಲರೂ ಬಾಯಿ ಮುಚ್ಚಿ ಕೇಳಿದ್ದರು, ಇಲ್ಲವೇ ಉಂಡಿದ್ದರು.

ಹಾಡು ಮುಗಿದ ಮೇಲೆ ಮಾಲೀಕ ಎದ್ದು ಬಂದ.

"ಅವರ ಹಾಗಿರಲಿಲ್ಲ."

"ಇರಲಿಲ್ಲ," ಎಂದು ಇವನು ತಲೆ ತಗ್ಗಿಸಿದ.

"ಕಿಟಕಿ ಪಕ್ಕದೋರು ಕೈ ತೊಳೆದು ವಾಪಸ್ ಬಂದು ಕೂತಿದಾರೆ. ಅದನ್ನೇ ಇನ್ನೊಂದು ಸಲ ಬೇಕಂತೆ."

"ಹೇಗೆ ಹಾಡ್ಲಿ?"

"ನಂಗೇನಪ್ಪ ಗೊತ್ತು ಸಂಗೀತ? ಈಗ ಹೇಗೆ ಹಾಡಿದ್ಯೋ ಹಾಗೆ. ಮುಂದಿನ ಭಾನುವಾರಾನೂ ಹಾಗೇ ಹಾಡು," ಎಂದು ಮಾಲೀಕ ಗಲ್ಲಾಕ್ಕೆ ಹೊರಟುಹೋದ.

ಅವನು ನೀರು ಕುಡಿದು ಹೆಂಡತಿಯ ಕಡೆ ತಿರುಗಿದ.

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ಬೇಡ ಅಂದ್ರಿ."

ಅವನು ಮೈಕು ಸರಿ ಮಾಡಿಕೊಂಡ. "ಸರಿ. ಎರಡನೇ ಚರಣ ಇನ್ನೂ ಸ್ವಲ್ಪ ನಿಧಾನ ನುಡಿಸು. ಆ ಅಜ್ಜಿ ಹಿಂದೆ ಬಿದ್ರು."