ತೆಂಗಿನ ತುರಿಯ ಮೇಲಿನ ಹಳದಿ ಚುಕ್ಕೆ

ಜನ್ಮದಲ್ಲಿ ಕೋಳಿ ಮುಟ್ಟದ ಈರಬಸಪ್ಪನವರ ಹೊಟ್ಟೆಗೆ ಕೋಳಿಯ ಕ್ರಿಮಿ ಹೋದದ್ದಾದರೂ ಹೇಗೆ? ನಿನ್ನೆಯಿಂದ ಪ್ರೇಮಾವತಿಯ ತಲೆಯನ್ನು ಇದೇ ಕೊರೆಯುತ್ತಿತ್ತು.

ಪುಣೆಯ ಸದಾಶಿವ ಪೇಠದ ಅಂಚಿನಲ್ಲಿ ಅವಳೂ ಗಂಡ ಸಂಕಪ್ಪನೂ ನಡೆಸುವ ಪುಟ್ಟ ಹೋಟೆಲಿಗೆ ಬಟ್ಟೆ ವ್ಯಾಪಾರಿ ಈರಬಸಪ್ಪನವರು ಅದು ತೆರೆದಾಗಿನಿಂದ ಪ್ರತಿ ಭಾನುವಾರ ಗೆಳೆಯರೊಂದಿಗೆ ಬರುತ್ತಾರೆ. ಗೆಳೆಯರಿಗೆ ಕೋಳಿ ಸಾರು, ಅವರಿಗೆ ನೀರುದೋಸೆ, ಹಸಿ ಕಾಯಿ ಚಟ್ನಿ. ಪ್ರೇಮಾವತಿಯ ಶುಚಿಯ ಮೇಲೆ ಅಷ್ಟು ಭರವಸೆ. ಈಗ ನೋಡಿದರೆ ಕೋಳಿ ತಿಂದವರೆಲ್ಲ ಗುಂಡುಕಲ್ಲಿನ ಹಾಗಿದ್ದಾರೆ, ಇವರೊಬ್ಬರು ವಾಂತಿಭೇದಿಯಾಗಿ ಆಸ್ಪತ್ರೆಯಲ್ಲಿದ್ದಾರೆ. ಇದು ಹಸಿ ಕೋಳಿಯಲ್ಲಿರುವ ಕ್ರಿಮಿ, ಬೇಯಿಸಿದರೆ ಸಾಯುತ್ತದೆ ಎಂದಿದ್ದರು ಡಾಕ್ಟರು.

“ನಮ್ಮಲ್ಲಿ ಅಲ್ಲ ಮಾರಾಯ್ತಿ, ಬೇರೆಲ್ಲೋ ಆಗಿರ್ಬೇಕು,” ಎಂದ ಸಂಕಪ್ಪ.

ಅವಳಿಗೂ ಹಾಗೇ ನಂಬುವ ಆಸೆ. ಅವಳಂತೆ ಕೋಳಿ ತೊಳೆಯುವವರು ಪುಣೆಯಲ್ಲೇ ಇರಲಿಕ್ಕಿಲ್ಲ. ಅರಸಿನ ಹಚ್ಚಿ, ನಲ್ಲಿ ಪೂರ್ತಿ ಬಿಟ್ಟು, ಏಳು ಸಲ.

ಅಂದು ಏಳನೆಯ ಸಲ ತೊಳೆದು ತಿರುಗಿದಾಗ ಪಕ್ಕದ ಕಟ್ಟೆಯ ಮೇಲಿದ್ದ ಕಾಯಿತುರಿ ಕಣ್ಣಿಗೆ ಬಿತ್ತು. ಬೆಳ್ಳಗಿನ ತುರಿಯ ಮೇಲೆ ಹಳದಿ ಚುಕ್ಕೆಗಳು. ತಟ್ಟೆಯನ್ನು ಆಚೆ ಸರಿಸಿ ಮತ್ತೆ ನಲ್ಲಿ ಬಿಟ್ಟಳು. ಅಲ್ಲಿಗೂ ಹನಿ ಹಾರಿತು. ಎರಡು ಮೊಳ ದೂರ ಇಟ್ಟಳು. ಅಲ್ಲಿಗೂ ಒಂದು. ಇಷ್ಟು ವರ್ಷ ಈ ಚುಕ್ಕೆಗಳನ್ನು ಅವಳು ನೋಡಿರಲಿಲ್ಲವೇ? ನೋಡಿದ್ದಳು. ಅರಸಿನ ತಾನೇ, ಒಳ್ಳೆಯದೇ ಎಂದುಕೊಂಡಿದ್ದಳು. ಸಂಕಪ್ಪನನ್ನು ಕರೆದು ತೋರಿಸಿ, ಈರಬಸಪ್ಪನವರಿಗೆ ಹೇಳಬೇಕು ಎಂದಳು.

“ಹೇಳ್ಲಿಕ್ಕೆ ಹೋಗ್ಬೇಡ. ಕೋಳಿ ತೊಳೆದ ನೀರು ಹೊಟ್ಟೆಗೆ ಹೋಗಿದೆ ಅಂತ ಗೊತ್ತಾದ್ರೆ ಅವರು ಮತ್ತೆ ನಮ್ಮ ಮುಖ ನೋಡ್ಲಿಕ್ಕಿಲ್ಲ,” ಎಂದ ಸಂಕಪ್ಪ.

ಹೇಳದಿದ್ದರೆ ಅವರ ಮುಖವನ್ನು ತಾನು ನೋಡುವುದು ಹೇಗೆ? ಪ್ರೇಮಾವತಿ ಆಸ್ಪತ್ರೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಈರಬಸಪ್ಪನವರ ಕೈ ಕೊರಳಿನ ಲಿಂಗದ ಮೇಲೆ ಹೋಯಿತು.

“ಎಷ್ಟ್ ವರ್ಷದಿಂದ ಹಿಂಗ ತೊಳೀತೀರಿ?”

“ಹತ್ತೊಂಬತ್ತು.”

“ಅಂದ್ರ ಹತ್ತೊಂಬತ್ತು ವರ್ಷ ನಾನೂ ಅವರ ಜೋಡಿ ಅದನ್ನ ಉಂಡಂಗಾತು,” ಎಂದು ಅವರು ಗೋಡೆಯ ಕಡೆ ಹೊರಳಿದರು.

ಹೇಗೂ ಬೆಂದರೆ ಕ್ರಿಮಿ ಸಾಯುತ್ತದೆಂದು ಪ್ರೇಮಾವತಿ ಕೋಳಿ ತೊಳೆಯುವುದನ್ನೇ ಬಿಟ್ಟಳು. ಚಟ್ನಿಯನ್ನು ಮನೆಯಲ್ಲಿ ರುಬ್ಬಿ ತರತೊಡಗಿದಳು. ಎರಡು ಭಾನುವಾರ ಅವರ ಕುರ್ಚಿ ಖಾಲಿಯೇ ಇತ್ತು.

ಮೂರನೆಯ ಭಾನುವಾರ ಈರಬಸಪ್ಪನವರು ಬಂದು ಅದೇ ಕುರ್ಚಿಯಲ್ಲಿ ಕುಳಿತರು. ಅವಳು ಚಟ್ನಿಯ ಬಟ್ಟಲು ಹಿಡಿದು ಹತ್ತಿರ ಬರುವಷ್ಟರಲ್ಲಿ ಚೀಲದಿಂದ ಮನೆಯ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

“ದೋಸಿ ಅಷ್ಟ ಕೊಡ್ರಿ. ಬಿಸಿ ಬಿಸಿದು.”

ಅವಳು ಬಟ್ಟಲನ್ನು ಒಳಗಿಟ್ಟು ಕಾವಲಿ ಕಾಯಲಿಟ್ಟಳು.