ಪೈಲ್ವಾನನ ಪರವಾನಗಿ

ರಾತ್ರಿ ಎರಡರ ಹೊತ್ತಿಗೆ ಕಪಾಟಿನ ಪಕ್ಕದಿಂದ 'ಚೀಂ' ಎಂಬ ಸಣ್ಣ ಸದ್ದು. ನನಗೆ ಎಚ್ಚರವಾಗಲು ಅಷ್ಟೇ ಸಾಕು. ಟಾರ್ಚ್ ಹಿಡಿದು ಪೈಲ್ವಾನನ ಗೂಡಿಗೆ ಇಣುಕಿದೆ. ಪೈಲ್ವಾನ ನಮ್ಮ ದೊಡ್ಡಮ್ಮ ಕಳೆದ ತಿಂಗಳು ಅಂಗಡಿಯಿಂದ ತಂದ ಹೆಡ್ಜ್‌ಹಾಗ್. ಅಂಗೈಯಗಲದ ಮುಳ್ಳಿನ ಚೆಂಡು. ಅವನ ಹೊಟ್ಟೆಗೆ ಅಂಟಿಕೊಂಡು ನಾಲ್ಕು ಗುಲಾಬಿ ಮರಿಗಳು ಹಾಲು ಕುಡಿಯುತ್ತಿದ್ದವು.

"ದೊಡ್ಡಮ್ಮಾ, ಏಳಿ! ಪೈಲ್ವಾನ ಹೆತ್ತಿದ್ದಾನೆ!"

"ಏನ್ ಮಾಡಿದಾನೆ?"

ನೋಡಿದವರೇ ಬಾಯಿಗೆ ದಿಂಬು ಒತ್ತಿಕೊಂಡು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಇದನ್ನು ಸಾಕಲು ನಮಗಿರುವ ಪರವಾನಗಿ ಒಂದು ಗಂಡಿಗೆ ಮಾತ್ರ. ಒಂದು ಹೆಚ್ಚಾದರೂ ಎಲ್ಲವನ್ನೂ ನಗರಸಭೆಯವರು ಎತ್ತಿಕೊಂಡು ಹೋಗುತ್ತಾರೆ. ಈಗ ಗೂಡು ಕದಲಿಸಿದರಂತೂ ತಾಯಿ ಗಾಬರಿಯಿಂದ ಮರಿಗಳನ್ನೇ ತಿಂದುಬಿಡಬಹುದು. ನಗರಸಭೆಯ ತಪಾಸಣೆ ಇದ್ದದ್ದು ಅವತ್ತೇ ಬೆಳಿಗ್ಗೆ ಹತ್ತಕ್ಕೆ.

ಅಧಿಕಾರಿ ಐದು ನಿಮಿಷ ಮೊದಲೇ ಬಂದರು. ದೊಡ್ಡಮ್ಮ ಗೂಡಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಸ್ವಲ್ಪ ಏಳ್ತೀರಾ ಅಮ್ಮಾ?"

"ಮಂಡಿ ನೋವಪ್ಪಾ. ಇನ್ನೊಂದು ವಾರ ಏಳೋ ಹಾಗಿಲ್ಲ."

ಹಿಂದಿನಿಂದ 'ಚೀಂ' ಎಂದಿತು.

"ಕೇಳಿಸ್ತಾ? ಅದೇ ಮಂಡಿ," ಎಂದರು ದೊಡ್ಡಮ್ಮ.

ನನ್ನಿಂದ ತಡೆಯಲಾಗಲಿಲ್ಲ. "ಸರ್, ಮರಿಗಳು. ನಾಲ್ಕು," ಎಂದುಬಿಟ್ಟೆ. ದೊಡ್ಡಮ್ಮ ನನ್ನನ್ನು ಸುಡುವಂತೆ ನೋಡಿದರು.

"ಗಂಡು ಅಂತ ದಾಖಲಾಗಿದೆಯಲ್ರೀ!"

"ಬರೆದದ್ದು ನೀವೇ ಸರ್. ಪರವಾನಗಿ ಕೊಟ್ಟ ದಿನ ಅದು ಚೆಂಡಿನ ಹಾಗೆ ಸುತ್ತಿಕೊಂಡು ಬಿಚ್ಚಲೇ ಇಲ್ಲ. ಬುಸ್ ಅಂತು. 'ಈ ಜೋರು ನೋಡಿದ್ರೆ ಗಂಡೇ' ಅಂದ್ರಿ."

ಅವರು ಕಡತ ಬಿಚ್ಚಿದರು. 'ಗಂಡು' ಎಂಬುದರ ಕೆಳಗೆ ಅವರದೇ ಸಹಿ, ದುಂಡು ಮೊಹರು. ಅವರ ಕಿವಿ ಕೆಂಪಾಯಿತು. ಹಾಳೆಗಳನ್ನು ಸರಸರ ತಿರುವಿದರು.

"ಅಯ್ಯೋ... ಬುಸ್ ಅಂದಿದ್ದಕ್ಕೆ ಗಂಡು ಅಂತ ಬರೆದವು ಇನ್ನೂ ಹನ್ನೊಂದಿವೆ."

"ಹನ್ನೊಂದು ಪೈಲ್ವಾನರಾ!" ದೊಡ್ಡಮ್ಮ ಕುರ್ಚಿಯೇ ಅಲುಗುವಂತೆ ನಕ್ಕರು. ನಾನು ಬೇಡ ಬೇಡವೆಂದರೂ ನಗು ಉಕ್ಕಿತು. ತಾಯಿ ಗಾಬರಿಯಾದೀತೆಂದು ಮೂವರೂ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅಧಿಕಾರಿ ಕಣ್ಣೊರೆಸಿಕೊಂಡು ಬರೆದರು: 'ಪ್ರಾಣಿ ವಿಶ್ರಾಂತಿಯಲ್ಲಿದ್ದ ಕಾರಣ ತಪಾಸಣೆ ಆರು ವಾರ ಮುಂದಕ್ಕೆ.'

"ಅಷ್ಟರಲ್ಲಿ ಮರಿಗಳಿಗೂ ಅರ್ಜಿ ಹಾಕಿ. ಗಂಡೋ ಹೆಣ್ಣೋ, ಅದನ್ನ ಮಾತ್ರ ಡಾಕ್ಟರ ಹತ್ರ ಬರೆಸಿ."

ಬಾಗಿಲವರೆಗೆ ಹೋಗಿ ಮೆಲ್ಲಗೆ ಕೇಳಿದೆ, "ಕಚೇರೀಲಿ ಏನ್ ಹೇಳ್ತೀರಾ ಸರ್?"

"ನಾನಾ? ನನ್ನ ಹೆಂಡತಿಗೂ ಹೇಳಲ್ಲ!" ಎಂದು ಕಡತವನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು ಮೆಟ್ಟಿಲಿಳಿದರು.